ಒಂದೂವರೆ ಮುಷ್ಟಿ ಎತ್ತರದ ಧ್ರುವ

ಜನವರಿ ರಾತ್ರಿ. ಕೊಪ್ಪಳ ಜಿಲ್ಲೆಯ ಸಾಣಾಪುರದ ಕೆರೆ ಹತ್ತಿರ, ದೊಡ್ಡ ಬಂಡೆಗುಂಡುಗಳ ನಡುವೆ ಟ್ರೈಪಾಡ್ ಬಿಚ್ಚಿ ನಿಲ್ಲಿಸುತ್ತಿದ್ದೆ. ಗದ್ದೆಗೆ ನೀರು ಬಿಡಲು ಬಂದಿದ್ದ ಹಿರಿಯರೊಬ್ಬರು ಟಾರ್ಚ್ ಹಾಕಿ ನೋಡಿ, "ಏನ್ರೀ, ಸರ್ವೆ ಮಾಡಾಕ ಬಂದೀರೇನು?" ಅಂದರು. ಚುಕ್ಕಿ ಫೋಟೊ ತೆಗೆಯೋಕೆ ಅಂದೆ. "ಗುಂಡಿನ ಹಿಂದ ಚುಕ್ಕಿ ಹೆಂಗ ಕಾಣ್ತಾವ್ರೀ?" ಅಂತ ನಕ್ಕರು.

ಅದೇ ನನ್ನ ತಲೆನೋವು. ನನ್ನ ಪುಟ್ಟ ದೂರದರ್ಶಕದ ಫೋಕಲ್ ಲೆಂತ್ (ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಅನ್ನುವ ಅಳತೆ) 480 ಮಿ.ಮೀ. ಕ್ಯಾಮೆರಾ ಸಿಕ್ಕಿಸಿ ಸುಮ್ನೆ ತೆಗೆದರೆ ಸೆಕೆಂಡಿಗೇ ಚುಕ್ಕಿ ಗೆರೆಯಾಗುತ್ತದೆ. ಭೂಮಿ ತಿರುಗುತ್ತಿದೆ, ಅಲ್ವಾ? ಹಾಗಾಗಿ ಮೌಂಟ್, ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಪೀಠ ಕೂಡ 23 ಗಂಟೆ 56 ನಿಮಿಷಕ್ಕೊಂದು ಸುತ್ತು, ಎದುರು ದಿಕ್ಕಿಗೆ ತಿರುಗಬೇಕು. ಅದನ್ನು ಮೋಟಾರು ನೋಡಿಕೊಳ್ಳುತ್ತದೆ. ಮೌಂಟಿನ ಅಕ್ಷವನ್ನು ಧ್ರುವದ ಕಡೆ, ಅಂದರೆ ಆಕಾಶವೆಲ್ಲ ಸುತ್ತುವಂತೆ ಕಾಣುವ ಬಿಂದುವಿನ ಕಡೆ, ಗುರಿ ಹಿಡಿಯುವುದು ಮಾತ್ರ ನಮ್ಮ ಪಾಲಿಗೆ.

ಧ್ರುವನಕ್ಷತ್ರ ನೀವಿರುವ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ಇಲ್ಲಿ 15 ಡಿಗ್ರಿ ಚಿಲ್ಲರೆ. ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ. ಸಣ್ಣ ಗುಂಡೂ ಅದನ್ನು ಮುಚ್ಚಿಬಿಡುತ್ತದೆ. ಅಕ್ಷ ಇಷ್ಟು ಮಲಗಿದಾಗ ದೂರದರ್ಶಕಕ್ಕೆ ಸಮತೂಕವಾಗಿ ತೂಕ ಸಿಕ್ಕಿಸಿದ ಕಂಬಿ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುವುದೂ ಉಂಟು. ನಾನು ಎರಡು ಕಾಲಿನ ನಡುವಿನ ಸಂದು ಉತ್ತರಕ್ಕೆ ಬರುವಂತೆ ತಿರುಗಿಸಿಡುತ್ತೇನೆ. ಮಣ್ಣು ಹಸಿಯಾಗಿದ್ದರೆ ಕಾಲಿನ ಕೆಳಗೆ ಚಪ್ಪಟೆ ಕಲ್ಲು.

ಧ್ರುವ ಕಾಣದಿದ್ದರೂ ದಾರಿಯಿದೆ. ರಾತ್ರಿ ಹತ್ತರ ಹೊತ್ತಿಗೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ಚುಕ್ಕಿ ನೆತ್ತಿಯ ಸಮೀಪ, ತುಸು ದಕ್ಷಿಣಕ್ಕೆ ಬಂದಿರುತ್ತವೆ. ಇವು ಆಕಾಶದ ಸಮಭಾಜಕದ, ಅಂದರೆ ಭೂಮಿಯ ಸಮಭಾಜಕವನ್ನು ಆಕಾಶಕ್ಕೆ ಚಾಚಿದ ಗೆರೆಯ, ಪಕ್ಕದಲ್ಲೇ ಇವೆ. ಒಂದನ್ನು ದೂರದರ್ಶಕದಲ್ಲಿ ಹಿಡಿದು ಐದು ನಿಮಿಷ ನೋಡಿ. ಚುಕ್ಕಿ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ನೋಡಿ. ಅಕ್ಷದ ಎತ್ತರಕ್ಕೂ ಹೀಗೇ, ಪೂರ್ವದಲ್ಲಿ ಕೆಳಗಿರುವ ಚುಕ್ಕಿ ಹಿಡಿದು. ಬೇಜಾರಿನ ಕೆಲಸ, ಆದರೆ ಇದರಷ್ಟು ನಂಬಿಕೆ ನನಗೆ ಫೋನಿನ ದಿಕ್ಸೂಚಿ ಮೇಲಿಲ್ಲ. ಕಬ್ಬಿಣದ ಹತ್ತಿರ ಅದು ಎತ್ತಲೋ ತೋರಿಸುತ್ತದೆ.

ಗುಂಡುಗಳದ್ದು ಇನ್ನೊಂದು ಕಾಟ. ಹಗಲು ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಬಿಡುತ್ತವೆ. ಅವುಗಳ ಮೇಲಿಂದ ನೋಡಿದರೆ ಚುಕ್ಕಿ ಕುದಿಯುವ ಅನ್ನದ ಹಾಗೆ ಅಲ್ಲಾಡುತ್ತದೆ. ಗದ್ದೆ ಕಡೆ ಹೋದರೆ ಲೆನ್ಸಿಗೆ ಇಬ್ಬನಿ. ಅದಕ್ಕೆ ಬೆಚ್ಚಗಿಡುವ ಪಟ್ಟಿ ಸುತ್ತಿದೆ.

ಹನ್ನೊಂದಕ್ಕೆ ಎರಡು ನಿಮಿಷದ ಮೊದಲ ಚಿತ್ರ ಬಂತು. ಸುಮಾರು 1,350 ಜ್ಯೋತಿರ್ವರ್ಷ ದೂರದ ಮಹಾವ್ಯಾಧನ ನೀಹಾರಿಕೆ, ಅಂದರೆ ಅನಿಲ, ಧೂಳಿನ ಮೋಡ, ನಸುಗೆಂಪು. ಮಡೆ ಕಟ್ಟಿ ಬಂದ ಹಿರಿಯರಿಗೆ ತೋರಿಸಿ, ಮೃಗಶಿರಾ ನಕ್ಷತ್ರದ ಕೆಳಗಿನ ಮೋಡ ಇದು ಅಂದೆ.

"ಮೃಗಶಿರಾ ಮಳಿ ನೋಡೀನಿ," ಅಂದರು, "ಅದರ ಮೋಡ ಅಲ್ಲೇ ಕುಂತೈತೇನು?"