ರಕ್ತದ ದಾರಿಯಲ್ಲಿ ಕಣ್ಣಿಗೆ ಬರುವ ಸೋಂಕು

ಮುಂಬೈ ಮಳೆಗಾಲದಲ್ಲಿ ಕಣ್ಣು ಕೆಂಪಾದರೆ ಮಾಟುಂಗಾ, ಡೊಂಬಿವಲಿಯ ಕನ್ನಡದ ಮನೆಗಳಲ್ಲೂ ಮರಾಠಿಯಲ್ಲಿ ‘ಡೋಳೆ ಆಲೇ’ (ಕಣ್ಣುಬೇನೆ ಬಂತು) ಅಂತಲೇ ಅನ್ನುತ್ತಾರೆ. ಮೆಡಿಕಲ್‌ನಿಂದ ಡ್ರಾಪ್ಸ್ ಬರುತ್ತದೆ, ಸಾಮಾನ್ಯವಾಗಿ ವಾಸಿಯೂ ಆಗುತ್ತದೆ. ಆದರೆ ಕೀಮೋ ನಡೆಯುತ್ತಿರುವವರು, ಕಿಡ್ನಿ ಕಸಿಯಾದವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರು, ಸಕ್ಕರೆ ಹತೋಟಿ ತಪ್ಪಿದವರು ಕಣ್ಣು ಮಂಜು ಅಂದರೆ ಅಂದೇ ರೆಟಿನಾ (ಕಣ್ಣಿನ ಒಳಪರದೆ) ತಜ್ಞರಲ್ಲಿಗೆ ಹೋಗಬೇಕು.

ಇಂಥವರಲ್ಲಿ ಕ್ರಿಮಿ ರಕ್ತದ ಮೂಲಕ ಒಳಗಿನಿಂದಲೇ ಕಣ್ಣಿಗೆ ಬಂದಿರಬಹುದು. ಯಕೃತ್ತಿನ ಕೀವುಗಡ್ಡೆ, ಮೂತ್ರದ ಸೋಂಕು, ಔಷಧಿ ಕೊಡಲು ಕತ್ತಿನ ರಕ್ತನಾಳಕ್ಕೆ ಹಾಕಿ ಬಹಳ ದಿನ ಹಾಗೇ ಉಳಿದ ನಳಿಕೆ (ಲೈನ್), ಎಲ್ಲೋ ಒಂದು ಕಡೆ ಮೂಲವಿರುತ್ತದೆ. ರೆಟಿನಾದ ಹಿಂದಿನ ಕೊರಾಯ್ಡ್ ಪದರಕ್ಕೆ ರಕ್ತದ ಹರಿವು ವಿಪರೀತ. ಕ್ರಿಮಿ ಅಲ್ಲಿ ತಂಗಿ, ರೆಟಿನಾ ದಾಟಿ, ಕಣ್ಣಿನೊಳಗಿನ ಸುಮಾರು 4 ಮಿ.ಲೀ. ಲೋಳೆಗೆ ಇಳಿಯುತ್ತದೆ. ಲೋಳೆಯಲ್ಲಿ ರಕ್ತನಾಳಗಳೇ ಇಲ್ಲ. ಹಾಗಾಗಿ ಹೊರಗೆ ಹಾಕಿದ ಡ್ರಾಪ್ಸ್ ಅಲ್ಲಿಗೆ ಸಾಲದು, ರಕ್ತಕ್ಕೆ ಕೊಟ್ಟ ಎಷ್ಟೋ ಔಷಧಿಯೂ ಸಾಲದು.

ಮೋಸವಾಗುವುದು ಇನ್ನೊಂದು ಕಡೆ. ಕೆಂಪು, ನೋವು ತರುವುದು ದೇಹದ ಪ್ರತಿರೋಧವೇ. ಅದೇ ಕುಂದಿದ್ದರೆ ಕಣ್ಣು ಹೊರಗೆ ಬೆಳ್ಳಗೇ ಇರಬಹುದು. ಕಣ್ಣೆದುರು ಕಪ್ಪು ಚುಕ್ಕೆ ತೇಲುತ್ತದೆ, ಅಷ್ಟೆ. ಇದನ್ನು ಯುವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಎಂದುಕೊಂಡು ಬರೀ ಸ್ಟೀರಾಯ್ಡ್ ಕೊಟ್ಟರೆ ಕ್ಯಾಂಡಿಡಾ ಶಿಲೀಂಧ್ರಕ್ಕೆ ಹಬ್ಬ. ಅದು ಲೋಳೆಯಲ್ಲಿ ಹತ್ತಿಯುಂಡೆಗಳನ್ನು ಪೋಣಿಸಿದ ಹಾಗೆ ಕಾಣುತ್ತದೆ.

ಸಾಧ್ಯವಾದಷ್ಟೂ ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿನ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ರಕ್ತ ತೆಗೆಯಬೇಕು. ಕಣ್ಣಿಗೆ ಕ್ರಿಮಿನಾಶಕವಾಗಿ 5% ಪೊವಿಡೋನ್ ಅಯೋಡಿನ್ ಹಾಕಿ, ಕಪ್ಪುಗುಡ್ಡೆಯ ಅಂಚಿನಿಂದ 3.5–4 ಮಿ.ಮೀ. ಆಚೆ ಸೂಜಿ ಇಳಿಸಿ, 0.2 ಮಿ.ಲೀ.ನಷ್ಟು ಲೋಳೆ ಎಳೆದು ಲ್ಯಾಬ್‌ಗೆ ಕಳಿಸುತ್ತಾರೆ. ಬ್ಯಾಕ್ಟೀರಿಯಾ ಸಂಶಯವಿದ್ದರೆ ಲೋಳೆಯೊಳಗೇ ಆ್ಯಂಟಿಬಯಾಟಿಕ್ ಚುಚ್ಚುತ್ತಾರೆ: ವ್ಯಾಂಕೊಮೈಸಿನ್ 1 ಮಿ.ಗ್ರಾಂ, ಸೆಫ್ಟಾಜಿಡಿಮ್ 2.25 ಮಿ.ಗ್ರಾಂ, ಎರಡೂ 0.1 ಮಿ.ಲೀ.ನಲ್ಲಿ, ಬೇರೆ ಬೇರೆ ಸಿರಿಂಜಿನಲ್ಲಿ. ಒಂದೇ ಸಿರಿಂಜಿಗೆ ಬೆರೆಸಿದರೆ ಗಷ್ಟು ಕಟ್ಟುತ್ತದೆ. ಶಿಲೀಂಧ್ರಕ್ಕೆ ಆಂಫೊಟೆರಿಸಿನ್ 5–10 ಮೈಕ್ರೊಗ್ರಾಂ. ಅದರ ವಯಲ್ ಸಾಮಾನ್ಯವಾಗಿ 50 ಮಿ.ಗ್ರಾಂನದು. ಅಷ್ಟು ಕಡಿಮೆ ಮಾಡಲು ಹಂತ ಹಂತವಾಗಿ ತೆಳುಮಾಡಬೇಕು. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ರೆಟಿನಾ ಸುಟ್ಟಂತೆಯೇ.

ಇಂಜೆಕ್ಷನ್ನಿಗೇ ಮುಗಿಯುವುದಿಲ್ಲ. ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನ್ ಮಾಡಿ ಮೂಲ ಹುಡುಕಬೇಕು, ಸೋಂಕಾದ ಲೈನ್ ತೆಗೆಯಬೇಕು. ಐಸಿಯುನಲ್ಲಿ ಶಿಲೀಂಧ್ರಕ್ಕೆ ರೂಢಿಯಾಗಿ ಕೊಡುವ ಕ್ಯಾಸ್ಪೊಫಂಗಿನ್ ಲೋಳೆಗೆ ಸರಿಯಾಗಿ ಇಳಿಯುವುದಿಲ್ಲ. ಕ್ಯಾಂಡಿಡಾ ಆ ಔಷಧಿಗೆ ಬಗ್ಗುವಂತಿದ್ದರೆ ಫ್ಲುಕೊನಜೋಲ್ ಅಥವಾ ವೊರಿಕೊನಜೋಲ್ ಕೊಡಬೇಕು, ಅದೂ ಕನಿಷ್ಠ 4–6 ವಾರ.

ಮನೆಯವರ ಪಾಲಿಗೆ ಒಂದು ಕೆಲಸವಿದೆ. ದಿನಕ್ಕೊಮ್ಮೆ ರೋಗಿ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ತಾರೀಖು ಓದಲಿ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮರೆಮಾಚಿಬಿಡುತ್ತದೆ.