612 ಕಿಲೋಹರ್ಟ್ಸ್ ಯಾರಿಗಾಗಿ?

ಬಾನುಲಿಯ ಚರಿತ್ರೆ ಕುರಿತು ಮಾತನಾಡಲು ನನ್ನನ್ನು ಎಲ್ಲಿಗೆ ಕರೆದರೂ ಕೊನೆಗೆ ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ: "ಎಎಂ ಹಳೆಯದಾಯಿತಲ್ಲ ಸಾರ್, ಅದೇ ನಿಲಯವನ್ನು ಎಫ್‌ಎಂ ಮಾಡಿಬಿಟ್ಟರೆ ಮುಗಿಯಿತಲ್ಲವೇ?" ಕೇಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಪತ್ರಕರ್ತರಿದ್ದಾರೆ, ಊರಿಗೊಂದು ಎಫ್‌ಎಂ ಬೇಕೆಂದು ಮನವಿ ಹಿಡಿದು ಓಡಾಡುವ ಜನಪ್ರತಿನಿಧಿಗಳೂ ಇದ್ದಾರೆ. ಪ್ರಸಾರ ಗೋಪುರಗಳ ಕೆಲಸದಲ್ಲೇ ವೃತ್ತಿ ಕಳೆದ ನನಗೆ ಈ ಪ್ರಶ್ನೆ ಬಂದಾಗಲೆಲ್ಲ ಕಿರಿಕಿರಿಯಾಗುತ್ತದೆ. ಎಎಂ ನಿಲಯಗಳು ಬಳಸುವ ಮಧ್ಯಮ ತರಂಗದಿಂದ ಎಫ್‌ಎಂಗೆ ಹೋದರೆ ಹಳೆಯ ಯಂತ್ರದ ಜಾಗಕ್ಕೆ ಹೊಸ ಯಂತ್ರ ಬಂದಂತಲ್ಲ. ಕೇಳುವ ಊರುಗಳೇ ಬೇರೆಯಾಗುತ್ತವೆ. ಊರು ಬದಲಾದ ಮೇಲೆ ಕಾರ್ಯಕ್ರಮ ಮೊದಲಿನಂತೆ ಉಳಿಯುವುದಿಲ್ಲ.

612 ಕಿಲೋಹರ್ಟ್ಸ್‌ನಲ್ಲಿ ಕೇಳಿಸುವ ನಮ್ಮ ಬೆಂಗಳೂರು ಆಕಾಶವಾಣಿ ನಿಲಯದ ಕಥೆಯೇ ಇದಕ್ಕೆ ಸಾಕ್ಷಿ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭಿಸಿದರು. ಕೈಯಲ್ಲಿದ್ದದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಅಷ್ಟು ಅಲ್ಪ ಶಕ್ತಿಯ ಪ್ರಸಾರವನ್ನು ನೆಚ್ಚಿಕೊಳ್ಳಬಹುದಾದದ್ದು ಊರು ಮತ್ತು ಅದರ ಆಸುಪಾಸಿನ ಕೇಳುಗರು ಮಾತ್ರ. ಊರಿನ ನಿಲಯಕ್ಕೆ ಊರಿನ ಸಂಗೀತಗಾರರು, ಊರಿನ ವಿದ್ವಾಂಸರೇ ಬಂಡವಾಳ. ಇಂದು ಕಾಲೇಜಿನ ಆವರಣದಲ್ಲಿ ನಡೆಯುವ ಸಮುದಾಯ ಬಾನುಲಿಯ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ 50 ವ್ಯಾಟ್‌ನದು. ಅದರ ಮುಂದೆ ಕುಳಿತ ಹುಡುಗ ಹುಡುಗಿಯರನ್ನು ಕಂಡಾಗ ನನಗೆ ಆ ಪ್ರಾಧ್ಯಾಪಕರ ಉತ್ಸಾಹ ನೆನಪಾಗುತ್ತದೆ. ಆ ಹುಡುಗ ಹುಡುಗಿಯರ ಮೇಲೆ ನನಗೆ ನಿಜವಾದ ಅಕ್ಕರೆಯಿದೆ. ಜಿಲ್ಲೆಗೆಲ್ಲ ಕೇಳಿಸುತ್ತದೆ ಎಂದು ಅವರಿಗೆ ಭರವಸೆ ಕೊಟ್ಟವರ ಮೇಲೆ ಮಾತ್ರ ಸಿಟ್ಟಿದೆ.

ಮೈಸೂರು ನಿಲಯ ಮುಂದೆ ಸಂಸ್ಥಾನದ ಆಡಳಿತಕ್ಕೆ ಸೇರಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೊ ಜಾಲಕ್ಕೆ ಬಂತು. 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಕಾಲಕ್ರಮದಲ್ಲಿ ಬೆಂಗಳೂರಿನ ಸಾಮರ್ಥ್ಯ 200 ಕಿಲೋವ್ಯಾಟ್‌ಗೆ ಏರಿತು. ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ದೂರದಲ್ಲಿ ಸಿಗುವ ಸಂಕೇತದ ಬಲ ಎರಡು ಪಟ್ಟಷ್ಟೇ ಆಗುತ್ತದೆ. ಆದ್ದರಿಂದ 30 ವ್ಯಾಟ್ ಎಲ್ಲಿ, 2 ಲಕ್ಷ ವ್ಯಾಟ್ ಎಲ್ಲಿ ಎಂದು ಸಾವಿರಾರು ಪಟ್ಟು ಲೆಕ್ಕ ಹಾಕಬಾರದು. ಆದರೂ ಹಗಲಿನಲ್ಲೇ ಹಲವು ಜಿಲ್ಲೆಗಳನ್ನು ತಲುಪಲು ಆ ಶಕ್ತಿ ಸಾಕು. ಹೊಲದಲ್ಲಿರುವವನು, ಮಗ್ಗದ ಮುಂದೆ ಕುಳಿತವಳು, ಶಾಲೆಯ ಮಕ್ಕಳು ಎಲ್ಲರೂ ಅದೇ ಒಂದು ಕಂಪನಾಂಕಕ್ಕೆ ಬಂದರು. ಹೀಗಾಗಿ ಪ್ರದೇಶ ಸಮಾಚಾರ, ಕೃಷಿಕರ ಕಾರ್ಯಕ್ರಮ, ನಾಟಕ, ಶಾಸ್ತ್ರೀಯ ಸಂಗೀತ, ಮಹಿಳೆಯರ ಕಾರ್ಯಕ್ರಮ ಎಲ್ಲವೂ ದಿನದ ಗಂಟೆಗಳನ್ನು ಹಂಚಿಕೊಂಡವು. ಇದನ್ನು ಗೊತ್ತುಗುರಿಯಿಲ್ಲದ ಕಲಸುಮೇಲೋಗರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಬಗೆಯ ಜನ ಒಂದೇ ಅಲೆಯ ಕೆಳಗಿದ್ದಾಗ ಒಬ್ಬರಿಗೇ ದಿನವಿಡೀ ಬಡಿಸಲು ಬರುವುದಿಲ್ಲ.

ಎಲ್ಲ ಬದಲಾವಣೆಗೂ ತರಂಗವೇ ಕಾರಣವೆಂದು ನಾನು ಹೇಳುತ್ತಿಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿದ್ದಾಗ ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಅವರನ್ನು ಮರಳಿ ಕರೆತರುವುದಕ್ಕೆ. ಅದು ಸರ್ಕಾರದ ನೀತಿಯ ಮಾತು, ತರಂಗದ್ದಲ್ಲ.

ಇನ್ನು ಜನ ಎಡವುವ ಜಾಗಕ್ಕೆ ಬರುತ್ತೇನೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಇಷ್ಟು ಉದ್ದದ ಅಲೆ ನೆಲವನ್ನು ಹಿಡಿದುಕೊಂಡೇ ಸಾಗುತ್ತದೆ. ನಡುವೆ ಗುಡ್ಡ ಬಂದರೂ ಊರು ಬಂದರೂ ಬಳಸಿಕೊಂಡು ಮುಂದೆ ಹೋಗುತ್ತದೆ. ಇಲ್ಲಿ ಗೋಪುರವೇ ಆಂಟೆನಾ, ಅದರ ಬುಡದ ಸುತ್ತ ಮಣ್ಣಿನೊಳಗೆ ತಾಮ್ರದ ತಂತಿಗಳು ಹರಡಿಕೊಂಡಿರುತ್ತವೆ. ತೇವದ ನೆಲದಲ್ಲಿ ಅಲೆ ಹೆಚ್ಚು ದೂರ ಹೋಗುತ್ತದೆ, ಒಣ ಬಂಡೆಯ ನೆಲದಲ್ಲಿ ಬೇಗ ಸೊರಗುತ್ತದೆ. ಹಾಗಾಗಿ ಇಂತಿಷ್ಟೇ ಕಿಲೋಮೀಟರ್ ಎಂದು ಜಾಗ ನೋಡದೆ ನಾನು ಬರೆದುಕೊಡುವುದಿಲ್ಲ. ಬೆಂಗಳೂರು ಆಕಾಶವಾಣಿಯದೇ ಎಫ್‌ಎಂ ರೇನ್‌ಬೋದ 101.3 ಮೆಗಾಹರ್ಟ್ಸ್ ಅಲೆಯ ಉದ್ದವಾದರೋ ಮೂರು ಮೀಟರ್‌ಗೂ ಕಡಿಮೆ. ಅದು ಕಂಬದ ಮೇಲಿನ ದೀಪದ ಹಾಗೆ: ಆಂಟೆನಾಕ್ಕೆ ಕಾಣುವ ಜಾಗಕ್ಕೆ ಬೆಳಕು, ಗುಡ್ಡದ ಮರೆಗೆ ಹೆಚ್ಚುಕಡಿಮೆ ಕತ್ತಲು. ಎಫ್‌ಎಂನಲ್ಲಿ ವ್ಯಾಟ್‌ನಷ್ಟೇ, ಎಷ್ಟೋ ಸಲ ಅದಕ್ಕಿಂತಲೂ ಹೆಚ್ಚು, ಎತ್ತರ ಮುಖ್ಯ. ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಎಫ್‌ಎಂಗೆ ಬೆಟ್ಟದ ನೆಲೆಯಿದೆ. ಬಯಲಿನ ಪಟ್ಟಣದಲ್ಲಿ 100 ವ್ಯಾಟ್‌ನ ಮರುಪ್ರಸಾರ ಕೇಂದ್ರವಿಟ್ಟು ಮಡಿಕೇರಿಯ ವ್ಯಾಪ್ತಿ ನಿರೀಕ್ಷಿಸಿದರೆ ಸಿಗುವುದು ಹತ್ತು ಹದಿನೈದು ಕಿಲೋಮೀಟರ್, ಅದೂ ಗೋಪುರದ ಎತ್ತರ ನೋಡಿಕೊಂಡು.

ಒಂದು ಪಟ್ಟಣದಲ್ಲಿ ಮಧ್ಯಮ ತರಂಗ ನಿಲ್ಲಿಸಿ ಸಣ್ಣ ಎಫ್‌ಎಂ ಹಾಕಿದ ಮೇಲೆ ವಯಸ್ಸಾದ ರೈತರೊಬ್ಬರು ರೇಡಿಯೊವನ್ನು ಚೀಲದಲ್ಲಿ ಹಾಕಿಕೊಂಡು ಕಚೇರಿಗೇ ಬಂದಿದ್ದರು. "ಸ್ವಾಮಿ, ಸೆಲ್ಲು ಹೊಸದು, ಆದರೂ ಹೂಂ ಅನ್ನುತ್ತಿಲ್ಲ" ಎಂದರು. ಮೇಜಿನ ಆಚೆಗಿದ್ದವರು ಮೊಬೈಲ್‌ನಲ್ಲಿ ಆ್ಯಪ್ ಹಾಕಿಸಿಕೊಳ್ಳಿ ಎಂದು ಸಲಹೆ ಕೊಟ್ಟರು. ಅಜ್ಜನ ರೇಡಿಯೊದಲ್ಲಿ ಎಫ್‌ಎಂ ಹಿಡಿಯುವ ಸೌಲಭ್ಯವೇ ಇರಲಿಲ್ಲ. ಇದ್ದಿದ್ದರೂ ಅವರ ಹಳ್ಳಿ ಹೊಸ ಕೇಂದ್ರದ ವ್ಯಾಪ್ತಿಯ ಹೊರಗಿತ್ತು. ಅಜ್ಜ ರೇಡಿಯೊವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಅವರು ಹೋದ ಮೇಲೂ ಆ ಕಚೇರಿಯಲ್ಲಿ ಯಾರಿಗೂ ಏನೋ ಕಳೆದುಹೋಯಿತು ಎನ್ನಿಸಲಿಲ್ಲ. ನಕ್ಷೆಯಲ್ಲಿ ನಿಲಯದ ಹೆಸರು ಹಾಗೆಯೇ ಇತ್ತಲ್ಲ.

ಎಫ್‌ಎಂ ಕೆಟ್ಟದ್ದೆಂದು ನಾನು ವಾದಿಸುತ್ತಿಲ್ಲ. ವೀಣೆಯ ಮೀಟು ಅದರಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತದೆಯೋ ಮಧ್ಯಮ ತರಂಗದಲ್ಲಿ ಅಷ್ಟು ಎಂದೂ ಕೇಳಿಸದು. ಜಗತ್ತಿನ ನಮ್ಮ ಭಾಗದಲ್ಲಿ ಎರಡು ಮಧ್ಯಮ ತರಂಗ ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್ ಮಾತ್ರ. ಅಷ್ಟು ಇಕ್ಕಟ್ಟಿನಲ್ಲಿ ಮಾತು ಉಳಿಯುತ್ತದೆ, ಸಂಗೀತದ ಮೇಲುದನಿಗಳು ಸಾಯುತ್ತವೆ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದಾಗ ಅದು ಹಾಡು ಮತ್ತು ಹರಟೆಯನ್ನೇ ಹಿಡಿದದ್ದು ಸಹಜ: ಒಂದು ನಗರ, ಸ್ವಚ್ಛ ಧ್ವನಿ, ಸ್ವಂತ ಸುದ್ದಿ ಬಿತ್ತರಿಸಲು ಅನುಮತಿಯಿಲ್ಲ. ಅದರ ಜೊತೆ ಹೋಲಿಸಿ 612 ಅನ್ನು ಮಂದ ಎನ್ನುವುದು ತಪ್ಪು ಅಳತೆಗೋಲು.

ಮಧ್ಯಮ ತರಂಗದ ಕಷ್ಟಗಳೂ ನನಗೆ ಗೊತ್ತು. 200 ಕಿಲೋವ್ಯಾಟ್ ಹೊರಗೆ ಹಾಕಲು ಅದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಒಳಗೆ ಕೊಡಬೇಕು, ಆ ಬಿಲ್ ಸಣ್ಣದಲ್ಲ. ಮನೆಮನೆಯ ಎಲ್‌ಇಡಿ ಬಲ್ಬು, ಚಾರ್ಜರ್‌ಗಳು ಇದೇ ಕಂಪನಾಂಕಗಳಲ್ಲಿ ಗೊರಗೊರ ಎಬ್ಬಿಸುತ್ತವೆ. ಮೊಬೈಲ್ ಫೋನುಗಳಲ್ಲಿ ಎಎಂ ಸಿಗುವುದೇ ಇಲ್ಲ. ಡಿಆರ್‌ಎಂ ಎಂಬ ಡಿಜಿಟಲ್ ವಿಧಾನ ಅದೇ ಉದ್ದದ ಅಲೆಯಲ್ಲಿ ಶುದ್ಧ ಧ್ವನಿ ಕೊಡುತ್ತದೆ, ಆದರೆ ಅದನ್ನು ಹಿಡಿಯುವ ರೇಡಿಯೊ ಹಳ್ಳಿಯ ಅಂಗಡಿಗೆ ಬಂದಿಲ್ಲ. ಕೆಲವು ಕಡೆ ಮಧ್ಯಮ ತರಂಗ ಮುಚ್ಚುವುದೇ ಸರಿಯಾದೀತು, ಅದನ್ನು ಆಯಾ ಜಾಗದ ಅಳತೆ ನೋಡದೆ ಹೇಳಲಾಗದು.

ಆದ್ದರಿಂದ ನಿಮ್ಮ ಊರಿಗೆ ಎಫ್‌ಎಂ ಬೇಕೆಂದು ಮನವಿ ಬರೆಯುವವರು ದಯವಿಟ್ಟು ಮೂರು ವಿಷಯ ಕೇಳಿ: ಗೋಪುರ ಎಲ್ಲಿ, ಆಂಟೆನಾ ಎಷ್ಟು ಎತ್ತರದಲ್ಲಿ, ಈಗ ಕೇಳುತ್ತಿರುವ ಹಳ್ಳಿಗಳಲ್ಲಿ ಎಷ್ಟು ಹೊಸ ವ್ಯಾಪ್ತಿಯೊಳಗೆ ಉಳಿಯುತ್ತವೆ. ಮೂರನೆಯದಕ್ಕೆ ಉತ್ತರ ಬಾಯಿಮಾತಿನಲ್ಲಿ ಬೇಡ. ರೇಡಿಯೊ ಹಿಡಿದು ಆ ಹಳ್ಳಿಗಳಿಗೆ ಹೋಗಿ ಅಳೆದು ಬಂದ ವರದಿಯನ್ನೇ ಕೇಳಿ.