ಅಮ್ಮ, ಆ ಪತ್ರಕ್ಕೆ ಇವತ್ತೇ ಸಹಿ ಹಾಕಬೇಡಿ

ಯಜಮಾನರ ತಿಥಿ ಮುಗಿದು ಒಂದು ತಿಂಗಳೂ ಆಗಿರುವುದಿಲ್ಲ, ಕುಟುಂಬ ನನ್ನ ಆಫೀಸಿಗೆ ಬರುತ್ತದೆ. ಮೇಜಿನ ಎದುರಿನ ಕುರ್ಚಿಗಳಲ್ಲಿ ಗಂಡುಮಕ್ಕಳು ಕೂರುತ್ತಾರೆ. ಅಮ್ಮ ಬಾಗಿಲ ಹತ್ತಿರದ ಬೆಂಚಿನಲ್ಲಿ. ಅವರ ತೊಡೆಯ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಮನೆಪತ್ರ, ಪಹಣಿ, ಕಂದಾಯದ ರಸೀದಿ, ವಂಶವೃಕ್ಷ. ಯಾವ ಕಾಗದ ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ. ನಾನು ಒಂದೊಂದು ಕೇಳಿದಾಗಲೂ ಅಮ್ಮನೇ ಎದ್ದು ಬಂದು ತೆಗೆದು ಕೊಡುತ್ತಾರೆ.

"ಏನು ಮಾಡಬೇಕು ಅಂತ ಇದ್ದೀರಮ್ಮ?" ಅಂತ ಕೇಳಿದರೆ ಉತ್ತರ ಕೊಡುವುದು ದೊಡ್ಡ ಮಗ. "ಅಮ್ಮಂದು, ತಂಗಿದು ಹಕ್ಕು ಬಿಡುಗಡೆ ಮಾಡಿಸಿ, ಎಲ್ಲಾ ನಮ್ಮಿಬ್ಬರ ಹೆಸರಿಗೆ ಮಾಡ್ಕೊಡಿ ಮೇಡಂ."

ನಾನು ಮತ್ತೆ ಅಮ್ಮನ ಕಡೆ ನೋಡುತ್ತೇನೆ. ಅವರು ಸೆರಗು ಸರಿಮಾಡಿಕೊಂಡು, "ಅವರು ಹೇಳಿದ ಹಾಗೇ ಮಾಡಿಬಿಡಿ. ಮನೆ ಒಡೀಬಾರ್ದು, ಅಷ್ಟೇ" ಅನ್ನುತ್ತಾರೆ.

ತಾಲ್ಲೂಕು ಊರಿನಲ್ಲಿ ವಕೀಲಿಕೆ ಶುರು ಮಾಡಿ 24 ವರ್ಷ ಆಯಿತು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಯಾಕೆಂದರೆ ಇದೇ ಅಮ್ಮಂದಿರಲ್ಲಿ ಕೆಲವರು ನಾಲ್ಕೈದು ವರ್ಷ ಬಿಟ್ಟು ಮತ್ತೆ ಬರುತ್ತಾರೆ. ಆಗ ಒಬ್ಬರೇ ಬರುತ್ತಾರೆ.

ಮನೆ ಒಡೆಯದಂತೆ ನೋಡಿಕೊಳ್ಳುವವರು ಇವರೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅಣ್ಣ ತಮ್ಮಂದಿರು ಮೂರು ವರ್ಷದಿಂದ ಮಾತು ಬಿಟ್ಟಿದ್ದರೂ ಇವರು ಒಂದು ಮನೆಯ ಹುಳಿಯನ್ನು ಇನ್ನೊಂದು ಮನೆಗೆ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತಾರೆ. ಬೋರ್‌ವೆಲ್ ನೀರು ಯಾವ ದಿನ ಯಾರ ತೋಟಕ್ಕೆ ಅಂತ ತೀರ್ಮಾನ ಮಾಡುತ್ತಾರೆ. ಮಗಳ ಬಾಣಂತನ, ಸೊಸೆಯ ಸೀಮಂತ, ಯಾವ ಮೊಮ್ಮಗುವಿನ ಸ್ಕೂಲ್ ಫೀಸು ಬಾಕಿ ಇದೆ, ಎಲ್ಲಾ ಇವರ ತಲೆಯಲ್ಲಿ ಇರುತ್ತದೆ. ಪಾಲಿನ ದಾವೆಗಳಲ್ಲಿ ಕೋರ್ಟು ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸುತ್ತದೆ. ಅಲ್ಲಿ ಇಬ್ಬರು ಮಕ್ಕಳ ವಕೀಲರು ಎರಡು ಗಂಟೆ ಮಾತಾಡಿ ಸೋತ ಮೇಲೆ, "ಅಮ್ಮನ್ನ ಒಳಗೆ ಕರೀರಿ" ಅಂದರೆ ಹತ್ತು ನಿಮಿಷದಲ್ಲಿ ಬಾಗಿಲು ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ.

ಆದರೆ ಅಮ್ಮನ ಮಾತಿಗೆ ಆ ತೂಕ ಎಲ್ಲಿಂದ ಬಂತು? ಪ್ರೀತಿಯಿಂದ, ಖಂಡಿತ. ಜೊತೆಗೆ, ಅವರು ಮನೆಯಲ್ಲಿ ಕೂತಿರುವುದು ತಮ್ಮ ಹಕ್ಕಿನಿಂದ. ಯಾರದೋ ದಯೆಯಿಂದಲ್ಲ. ಅದನ್ನು ಬರೆದುಕೊಟ್ಟ ಮೇಲೆ ಪ್ರೀತಿ ಉಳಿಯಬಹುದು, ತೂಕ ಇಳಿಯುತ್ತದೆ. ನನ್ನ ಮುಂದೆ ಬರುವ ಕೇಸುಗಳಲ್ಲಂತೂ ಹೀಗೇ ಆಗಿದೆ. ಒಂದು ಮಾತು ಹೇಳಬೇಕು. ಚೆನ್ನಾಗಿರುವ ಮನೆಗಳು ನನ್ನ ಆಫೀಸಿಗೆ ಬರುವುದಿಲ್ಲ. ಆದ್ದರಿಂದ ಎಲ್ಲ ಮಕ್ಕಳೂ ಹೀಗೇ ಅಂತ ನಾನು ಹೇಳುತ್ತಿಲ್ಲ.

ಕಾನೂನಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವ ಮನೆಗಳಲ್ಲಿ, ಗಂಡ ತಾನೇ ಸಂಪಾದಿಸಿದ ಆಸ್ತಿಯನ್ನು ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ ಒಂದು ಪಾಲು, ಪ್ರತಿ ಮಗ ಮಗಳಿಗೆ ಒಂದೊಂದು ಪಾಲು. ಎಲ್ಲವೂ ಸಮ. ಗಂಡನ ತಾಯಿ ಬದುಕಿದ್ದರೆ ಅವರಿಗೂ ಅಷ್ಟೇ ಪಾಲು. ಅವರಿಲ್ಲದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ಅಮ್ಮನಿಗೆ ನಾಲ್ಕನೇ ಒಂದು ಪಾಲು. ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕ ಬೇರೆ, ಆದರೂ ಅಮ್ಮನಿಗೆ ಪಾಲು ಇದ್ದೇ ಇದೆ. ಬೇರೆ ಧರ್ಮದವರಿಗೆ ಅವರವರ ಕಾನೂನು. ಖಾತೆ ದೊಡ್ಡ ಮಗನ ಹೆಸರಿಗೆ ಆದ ಮಾತ್ರಕ್ಕೆ ಆಸ್ತಿ ಅವನೊಬ್ಬನದೇ ಆಗುವುದಿಲ್ಲ.

ಇಲ್ಲೊಂದು ವಿಚಿತ್ರ ಇದೆ. ರೇಷನ್ ಕಾರ್ಡಿನಲ್ಲಿ ಅಮ್ಮನೇ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆ ಹಾಗೆ ಹೇಳುತ್ತದೆ. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾದಾಗ, ಯಜಮಾನಿ ಅತ್ತೆಯೋ ಸೊಸೆಯೋ ಅಂತ ಊರೆಲ್ಲಾ ಚರ್ಚೆ ಮಾಡಿತು. ಆದರೆ 30 ಲಕ್ಷದ ಮನೆ ಯಾರದು ಅಂತ ಬಂದಾಗ ಯಜಮಾನಿ ಬಾಗಿಲ ಹತ್ತಿರದ ಬೆಂಚಿಗೆ ಹೋಗಿಬಿಡುತ್ತಾರೆ.

ಈಗ ನಾನು ಬಿಡಿಸಿ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ನಿಧಾನವಾಗಿ ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಓದಿ ಹೇಳಿ.

"ಮೇಡಂ, ನಾನು ಮಗನಿಗೆ ವಿಲ್ ಮಾಡಿಕೊಟ್ಟಿದ್ದೆ, ಅದನ್ನ ಬದಲಾಯಿಸ್ಬೇಕು" ಅಂತ ಬರುತ್ತಾರೆ. ಪತ್ರ ತನ್ನಿ ಅನ್ನುತ್ತೇನೆ. ತರುತ್ತಾರೆ. ಮೊದಲನೇ ಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ದಾನಪತ್ರ' ಅಂತ ಇರುತ್ತದೆ.

ಉಯಿಲು, ಅಂದರೆ ವಿಲ್, ನೀವು ಬದುಕಿರುವವರೆಗೆ ಬರೀ ಕಾಗದ. ಮನೆ ನಿಮ್ಮದೇ. ಬಾಡಿಗೆ ನಿಮ್ಮದೇ. ಬೇಡ ಅನ್ನಿಸಿದರೆ ಹರಿದುಹಾಕಿ ಇನ್ನೊಂದು ಬರೆಯಬಹುದು, ಎಷ್ಟು ಸಲ ಬೇಕಾದರೂ. ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಮುದ್ರಾಂಕ ಶುಲ್ಕ ಇಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನೀವು ಕಣ್ಮುಚ್ಚಿದ ಮೇಲೆ ಮಾತ್ರ ಅದಕ್ಕೆ ಜೀವ ಬರುತ್ತದೆ.

ದಾನಪತ್ರ ಹಾಗಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಕೊಟ್ಟು ಹೊರಗೆ ಬಂದಾಗ ಆ ಮನೆ ನಿಮ್ಮದಲ್ಲ. ನಾಳೆಯಿಂದಲ್ಲ, ಆಗಲೇ. ಬೆಳಗ್ಗೆ ಯಾವ ಮನೆಯಿಂದ ಹೊರಟಿರೋ, ಸಂಜೆ ಅದೇ ಮನೆಗೆ ಬೇರೆಯವರ ಮನೆಗೆ ಬಂದ ಹಾಗೆ ಬರುತ್ತೀರಿ. ಬೀಗ ಅದೇ, ಒಲೆ ಅದೇ, ದೇವರ ಗೂಡು ಅದೇ. ಅದಕ್ಕೇ ಗೊತ್ತಾಗುವುದಿಲ್ಲ. ಆಮೇಲೆ ಮನಸ್ಸು ಬದಲಾಯಿತು ಅಂತ ದಾನವನ್ನು ವಾಪಸ್ ತೆಗೆದುಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆ ಬಿಡುವುದಿಲ್ಲ. ಹಕ್ಕು ಬಿಡುಗಡೆ ಪತ್ರವೂ ಹೀಗೇ. ಮೋಸ ಆಯಿತು, ಹೆದರಿಸಿ ಬರೆಸಿಕೊಂಡರು ಅಂತ ದಾವೆ ಹಾಕಬಹುದು. ಅದನ್ನು ನೀವು ಸಾಬೀತು ಮಾಡಬೇಕು, ವರ್ಷಗಟ್ಟಲೆ ಓಡಾಡಬೇಕು, ಹೆತ್ತ ಮಗನ ಎದುರು ಸಾಕ್ಷಿ ಕಟ್ಟೆ ಹತ್ತಬೇಕು. ಎಪ್ಪತ್ತು ವರ್ಷದ ಅಮ್ಮಂದಿರು ಆ ಕಟ್ಟೆ ಹತ್ತಿ ಮಗನ ಮುಖ ನೋಡಿ ಇಳಿದುಬಿಟ್ಟಿದ್ದಾರೆ.

ಹಾಗಾದರೆ ಜನ ಯಾಕೆ ದಾನಪತ್ರವನ್ನೇ ಮಾಡಿಸುತ್ತಾರೆ? ಮನೆಯವರ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಮಗನಿಗೆ ಮನೆ ಮೇಲೆ ಬ್ಯಾಂಕ್ ಸಾಲ ಬೇಕಾಗಿರುತ್ತದೆ. "ಈಗಲೇ ಮಾಡಿಬಿಟ್ಟರೆ ಮುಂದೆ ಜಗಳ ಇರಲ್ಲ" ಅಂತ ಯಾರೋ ನೆಂಟರು ಹೇಳಿರುತ್ತಾರೆ. ಎಲ್ಲವೂ ನಿಜವಾದ ಕಾರಣಗಳೇ. ಆದರೆ ಅಮ್ಮ ಮುಂದೆ ಎಲ್ಲಿರುತ್ತಾರೆ ಅನ್ನುವುದು ಈ ಕಾರಣಗಳಲ್ಲಿ ಎಲ್ಲೂ ಬರುವುದಿಲ್ಲ.

"2007ರ ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ ಮೇಡಂ, ನೋಡಿಕೊಳ್ಳದಿದ್ದರೆ ಎ.ಸಿ. ಸಾಹೇಬರು (ಉಪವಿಭಾಗಾಧಿಕಾರಿ) ವಾಪಸ್ ಕೊಡಿಸ್ತಾರಂತೆ" ಅನ್ನುವವರೂ ಇದ್ದಾರೆ. ಅರ್ಧ ಸರಿ. ಆ ಕಾಯ್ದೆಯ 23ನೇ ಕಲಮು ಏನು ಹೇಳುತ್ತದೆ ಅಂದರೆ, 60 ದಾಟಿದವರು 'ನನ್ನನ್ನು ನೋಡಿಕೊಳ್ಳಬೇಕು' ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ಮೋಸದಿಂದ ಆದದ್ದು ಅಂತ ಭಾವಿಸಿ ರದ್ದು ಮಾಡಬಹುದು. ಷರತ್ತಿನ ಮೇಲೆ, ಅನ್ನುವ ಮಾತನ್ನು ಗಮನಿಸಿ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅಲ್ಲಿ ತಾಯಿ ಹೆಣ್ಣುಮಕ್ಕಳಿಗೆ ಹಕ್ಕು ಬಿಡುಗಡೆ ಮಾಡಿಕೊಟ್ಟಿದ್ದರು. ಅಂಥ ಷರತ್ತು ಇತ್ತು ಅನ್ನುವುದು ತೋರಲಿಲ್ಲ, ತಾಯಿಗೆ ಆಸ್ತಿ ಸಿಗಲಿಲ್ಲ.

2025ರ ಜನವರಿ 2ರಂದು ಇನ್ನೊಂದು ತೀರ್ಪು ಬಂತು. ಮಧ್ಯಪ್ರದೇಶದ ಛತರ್‌ಪುರದ ಒಬ್ಬ ತಾಯಿ 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಕೊನೆಯವರೆಗೆ ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ವಚನ ಪತ್ರವೂ ಇದೆ ಅಂತ ತಾಯಿ ತೋರಿಸಿದರು. ಈ ಕಾಯ್ದೆ ಹಿರಿಯರಿಗೆ ಅನುಕೂಲವಾಗಲಿ ಅಂತ ಬಂದದ್ದು, ಅದನ್ನು ಉದಾರವಾಗಿ ಓದಬೇಕು ಅಂತ ಹೇಳಿ ಕೋರ್ಟು ಆ ದಾನಪತ್ರವನ್ನು ರದ್ದು ಮಾಡಿತು. ಪೇಪರಿನಲ್ಲಿ ಇದನ್ನು ಓದಿ, "ನೋಡಿಕೊಳ್ಳದಿದ್ದರೆ ದಾನಪತ್ರ ತಾನಾಗೇ ರದ್ದು" ಅಂತ ಬಹಳ ಜನ ತಿಳಿದುಕೊಂಡರು. ತಾನಾಗೇ ಏನೂ ಆಗುವುದಿಲ್ಲ. ಅಲ್ಲೂ ಒಂದು ಕಾಗದ ಇತ್ತು. ಆ ಕಾಗದ ಹಿಡಿದುಕೊಂಡು ತಾಯಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಆ ಷರತ್ತಿಗೆ ಬೇಕಾಗಿರುವುದು ಎರಡು ಮೂರು ಸಾಲು. ವಕೀಲರಿಗೋ ಪತ್ರ ಬರೆಯುವವರಿಗೋ ಹೇಳಿದರೆ ಐದು ನಿಮಿಷದ ಕೆಲಸ. ಅದನ್ನು ಯಾಕೆ ಬರೆಸುವುದಿಲ್ಲ ಅಂದರೆ, ಕೇಳುವುದಕ್ಕೆ ಅಮ್ಮನಿಗೆ ಸಂಕೋಚ. "ಹೆತ್ತ ಮಗನ ಹತ್ರ ಷರತ್ತು ಹಾಕೋದಾ?" ಅನ್ನುತ್ತಾರೆ.

ನಾನೂ ಒಂದು ಕಾಲದಲ್ಲಿ ಆ ಸಂಕೋಚಕ್ಕೆ ತಲೆಬಾಗಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದೆ, ಒಬ್ಬ ವಿಧವೆ ತಾಯಿ ಇದ್ದ ಒಂದೇ ಮನೆಯನ್ನು ಮಗನಿಗೆ ದಾನ ಕೊಡಲು ಬಂದರು. ಷರತ್ತಿನ ಸಾಲು ಸೇರಿಸೋಣ ಅಂದೆ. ಅವರು ಬೇಡವೇ ಬೇಡ ಅಂದರು, ಮಗನ ಮುಖ ಸಣ್ಣದಾಗಿತ್ತು. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಬರೆದುಕೊಟ್ಟೆ. ಐದನೇ ವರ್ಷಕ್ಕೆ ಆ ಮನೆ ಮಾರಾಟವಾಯಿತು. ಆ ತಾಯಿ ತಮ್ಮ ತಂಗಿಯ ಮನೆಯ ಹಜಾರದಲ್ಲಿ ಉಳಿದರು. ಮಗ ಕೆಟ್ಟವನೂ ಅಲ್ಲ, ವ್ಯಾಪಾರದಲ್ಲಿ ಸಾಲ ಮಾಡಿಕೊಂಡಿದ್ದ. ಸಾಲ ಕೊಟ್ಟವರು ಬಂದಾಗ ಮನೆ ಅವನ ಹೆಸರಿನಲ್ಲಿತ್ತು, ಹೋಯಿತು. ಅಮ್ಮನ ಹೆಸರಿನಲ್ಲಿ ಇದ್ದಿದ್ದರೆ ಇಬ್ಬರಿಗೂ ಒಂದು ಸೂರು ಉಳಿಯುತ್ತಿತ್ತು. ಅವತ್ತಿನಿಂದ ನಾನು ಈ ವಿಷಯದಲ್ಲಿ ಹಟ ಮಾಡುತ್ತೇನೆ. ಸ್ವಲ್ಪ ಗದರುತ್ತೇನೆ ಕೂಡ.

ಹಾಗಾದರೆ ಏನು ಮಾಡಬಹುದು? ಸಾಧಾರಣವಾಗಿ ನಾನು ಹೇಳುವುದು, ಉಯಿಲು ಬರೆಯಿರಿ, ಸಾಕು. ಈಗಲೇ ಕೊಡಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ, ನಾನು ಬದುಕಿರುವವರೆಗೆ ಈ ಮನೆಯಲ್ಲಿ ವಾಸ ಮಾಡುವ ಹಕ್ಕು ಮತ್ತು ಇದರ ಬಾಡಿಗೆ ಪಡೆಯುವ ಹಕ್ಕು ನನ್ನದು ಅಂತ ಉಳಿಸಿಕೊಂಡು ಕೊಡಿ. ಜೊತೆಗೆ ನೋಡಿಕೊಳ್ಳುವ ಷರತ್ತನ್ನು ಬಿಡಿಸಿ ಬರೆಸಿ. ಊಟ, ಬಟ್ಟೆ, ಔಷಧಿ, ಆಸ್ಪತ್ರೆ ಅಂತ ಒಂದೊಂದೂ ಹೆಸರು ಹಿಡಿದು. ನಿಮ್ಮ ಆಸ್ತಿ, ನಿಮ್ಮ ಸಾಲ, ನಿಮ್ಮ ಮನೆಯವರನ್ನು ನೋಡದೆ ನಾನು ಇಲ್ಲಿಂದ ಖಚಿತವಾಗಿ ಹೇಳಲಾರೆ. ಹತ್ತಿರದ ವಕೀಲರಿಗೆ ಕಾಗದಗಳನ್ನು ತೋರಿಸಿ.

ಈಗಾಗಲೇ ಬರೆದುಕೊಟ್ಟು ತೊಂದರೆಯಲ್ಲಿರುವವರು ಸುಮ್ನೆ ಕೂರಬೇಡಿ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಆಸ್ತಿ ವಾಪಸ್ ಬರದಿದ್ದರೂ, ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗೆ ಇದೆ. ಇದು ಎಲ್ಲ ಧರ್ಮದವರಿಗೂ ಉಂಟು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಹೆಣ್ಣುಮಕ್ಕಳ ಸಹಿಯ ಬಗ್ಗೆಯೂ ಒಂದು ಮಾತು. ತಾಯಿದ್ದರೆ ತವರು ಅಂತಾರೆ. ಅದೇ ತಾಯಿ ಮಗಳಿಗೆ, "ಸಹಿ ಹಾಕಿಬಿಡು ಕಂದ, ಅರಿಶಿನ ಕುಂಕುಮಕ್ಕೆ ಅಣ್ಣಂದಿರು ಬೇಕಲ್ಲ" ಅನ್ನುತ್ತಾರೆ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಗಳು ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಅಮ್ಮನ ಕಣ್ಣೀರಿಗೆ ಹೆದರಿ ಬಿಟ್ಟುಕೊಟ್ಟರೆ ಹತ್ತು ವರ್ಷದ ನಂತರ ಅದೇ ಮಾತು ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ, ಮದುವೆ ಮುಂಜಿಗೆ ಬರುವುದೂ ನಿಲ್ಲುತ್ತದೆ. ನೋಡಿದ್ದೇನೆ.

ಇನ್ನೊಂದು ಕಡೆ, ನಾನು ಪ್ರೀತಿಯಿಂದ ನೆನಪಿಟ್ಟುಕೊಂಡಿರುವ ಒಂದು ಅತ್ತೆ ಸೊಸೆ ಜೋಡಿ ಇದೆ. ಮಗ ಅಪಘಾತದಲ್ಲಿ ತೀರಿಕೊಂಡಿದ್ದ. ಮಗನ ಆಸ್ತಿಯಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನೆಂಟರು ಸೊಸೆಗೆ, "ಮೊದಲು ಅತ್ತೆಯಿಂದ ಬರೆಸಿಕೋ" ಅಂದಿದ್ದರು. ಅತ್ತೆಗೆ, "ನಿನ್ನ ಪಾಲು ಬಿಡಬೇಡ, ಅವಳು ತವರಿಗೆ ಹೊರಟುಹೋಗ್ತಾಳೆ" ಅಂದಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ನನ್ನ ಹತ್ತಿರ ಬಂದು, ಯಾರೂ ಬರೆದುಕೊಡುವುದು ಬೇಡ, ಎಲ್ಲರ ಹೆಸರೂ ಜಂಟಿಯಾಗಿ ಇರಲಿ ಅಂದರು. ಸೊಸೆ ಈಗ ಅಂಗನವಾಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅತ್ತೆ ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾರೆ.

ಕಳೆದ ತಿಂಗಳು ಬಂದ ಅಮ್ಮನೂ ಬಾಗಿಲ ಬೆಂಚಿನಲ್ಲೇ ಕೂತಿದ್ದರು. ನಾನು ಎದ್ದು ಒಂದು ಕುರ್ಚಿ ಎಳೆದು ಅವರನ್ನು ಮೇಜಿನ ಹತ್ತಿರ ಕೂರಿಸಿದೆ. ಷರತ್ತಿನ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಚಿಕ್ಕ ಮಗನಿಗೆ ಬೇಜಾರಾಯಿತು. "ಇಷ್ಟೆಲ್ಲಾ ಬರೀಬೇಕಾ ಅಮ್ಮ? ನಾವೇನು ಬೇರೆಯವರಾ?" ಅಂದ.

ಅವರು ಇಪ್ಪತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದಲ್ಲಿ ಇದ್ದವರು. ಸಮಾಧಾನವಾಗಿಯೇ ಹೇಳಿದರು, "ಸಂಘದಲ್ಲಿ ಐದು ಸಾವಿರ ಸಾಲ ಕೊಟ್ಟರೂ ಪುಸ್ತಕದಲ್ಲಿ ಬರೆದು ಸಹಿ ಹಾಕಿಸ್ಕೋತೀವಿ ಕಣಪ್ಪ. ಅಲ್ಲೂ ಎಲ್ಲಾ ನಮ್ಮೋರೇ."

ಆಮೇಲೆ ನನ್ನ ಕಡೆ ತಿರುಗಿ, "ಔಷಧಿದು ಬರೆದ್ರಲ್ಲ, ಕನ್ನಡಕದ್ದೂ ಸೇರಿಸಿ" ಅಂದರು. ಸೇರಿಸಿದೆ.